ಹದಿನೇಳನೆಯ ಪ್ರಶ್ನೆ

ಬಾಲ್ಟಿಮೋರಿನ ಪಡುವಣ ಮಗ್ಗುಲಲ್ಲಿ, ಕಾಲ್ವರ್ನ್ ಬೀದಿಯಲ್ಲಿ
ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಮೂವತ್ತೊಂದು ಮನೆ.
ಹನ್ನೆರಡರ ಕಿಟಕಿಗೆ ಹಲಗೆ ಬಡಿದಿದ್ದಾರೆ.
ಒಂದರ ಮಾಡಿನಿಂದ ಮರವೇ ಹೊರಬಂದಿದೆ,
ಯಾರನ್ನೂ ಕೇಳದೆ.

ಇವೆಲ್ಲ ನನ್ನ ಹಾಳೆಯಲ್ಲಿವೆ.
ಒಡೆದ ಬಾಟಲಿ: ಉಂಟು. ಗೋಡೆಯ ಮೇಲೆ ಗೀಚು: ಉಂಟು.
ಉರಿಯದ ಬೀದಿದೀಪ: ನಾಲ್ಕರಲ್ಲಿ ಮೂರು.
ಮೂಲೆಯಲ್ಲಿ ಸುಮ್ಮನೆ ನಿಂತ ಗಂಡಸರು: ಐದು.
(ಅವರಲ್ಲೊಬ್ಬ ನನ್ನ ಸೋದರತ್ತೆಯ ಮಗ, ಬಸ್ಸಿಗೆ ಕಾಯುತ್ತಿದ್ದ.
ಹೊಡೆದುಹಾಕಿ ನಾಲ್ಕು ಎಂದು ಬರೆದೆ.
ಆಮೇಲೆ ಅನುಮಾನ: ಉಳಿದ ನಾಲ್ವರು
ಯಾರ ಯಾರ ಅತ್ತೆಯ ಮಕ್ಕಳೋ, ಯಾವ ಬಸ್ಸಿಗೋ.)

ವಿಶ್ವವಿದ್ಯಾಲಯದವರು ಗಂಟೆಗೆ ಹದಿನೆಂಟು ಡಾಲರ್ ಕೊಡುತ್ತಾರೆ,
ಕೊರಳಿಗೊಂದು ಗುರುತುಚೀಟಿ, ಎರಡು ದಿನದ ತರಬೇತಿ:
ತಲೆಯಾಡಿಸಬೇಡಿ, ಅಯ್ಯೋ ಅನ್ನಬೇಡಿ,
ಕೊಟ್ಟರೆ ನೀರು ಕುಡಿಯಬಹುದು.

ಯೂಲಾ ಪಿಂಕ್ನಿ ಮಂಡಿಯೂರಿ
ಬಾಗಿಲ ಮುಂದಿನ ಮೂರು ಬಿಳಿ ಮೆಟ್ಟಿಲು ತಿಕ್ಕುತ್ತಿದ್ದಳು.
ಅಮೃತಶಿಲೆ. ನಡುವೆ ಸವೆದು ಬೋಗುಣಿಯಾಗಿದೆ.
"ತಿಕ್ಕಿ ಸವೆದದ್ದು, ತುಳಿದಲ್ಲ" ಅಂದಳು,
ಎದ್ದಳು, ಒಂದು ಕೈ ಸೊಂಟಕ್ಕೆ ಕೊಟ್ಟು.
"ಕೇಳು."

ಎಷ್ಟು ವರ್ಷದಿಂದ ಇದ್ದೀರಿ? ಐವತ್ತಮೂರು.
ಕತ್ತಲಾದ ಮೇಲೆ ಒಬ್ಬರೇ ನಡೆದು ಹೋಗುತ್ತೀರಾ?
ಚರ್ಚಿಗೆ ಹೌದು, ಅಂಗಡಿಗೆ ಇಲ್ಲ.
ಅದಕ್ಕೆ ಖಾನೆಯಿಲ್ಲ. ಎರಡರ ನಡುವಿನ ಗೆರೆಯ ಮೇಲೆ ಚುಕ್ಕಿಯಿಟ್ಟೆ.

ಹೀಗೇ ಹದಿನಾರು ದಾಟಿತು. ಹದಿನೇಳು:
ನಿಮ್ಮ ಮನೆಯೆದುರು ಹೊಡೆದಾಟವಾದರೆ
ನೆರೆಯವರು ಬಿಡಿಸಲು ಬರುವರೇ?
ಖಂಡಿತ ಬರುತ್ತಾರೆ, ಬಂದಾರು, ಹೇಳಲಾಗದು,
ಬರಲಿಕ್ಕಿಲ್ಲ, ಖಂಡಿತ ಬರುವುದಿಲ್ಲ.

ಬಕೆಟ್ಟಿನ ನೊರೆನೀರನ್ನು ಚರಂಡಿಗೆ ಚೆಲ್ಲಿದಳು.
"ಯಾರ ಹೊಡೆದಾಟ?"
ಅದು ಪ್ರಶ್ನೆಯಲ್ಲಿಲ್ಲ ಅಂದೆ.
"ಹುಡುಗರದಾದರೆ ನಾನೇ ಹೋಗುತ್ತೇನೆ, ಈ ಬ್ರಶ್ಶೇ ಸಾಕು.
ಬಂದೂಕಾದರೆ ಸ್ನಾನದ ತೊಟ್ಟಿಯಲ್ಲಿ ಮಲಗುತ್ತೇನೆ.
ಸದ್ದು ನಿಂತ ಮೇಲೆ ಹೋಗುತ್ತೇನೆ, ಟವೆಲ್ ತೆಗೆದುಕೊಂಡು.
ಹೋಗಿದ್ದೇನೆ. ಎರಡು ಸಲ.
ಅದು ಬಂದ ಲೆಕ್ಕವೋ, ಬಾರದ ಲೆಕ್ಕವೋ?"

ಎದುರುಮನೆಯ ಮಹಡಿಯಿಂದ ಯಾರೋ ಕೂಗಿದರು,
ಯೂಲಾ, ಆ ಹುಡುಗಿ ಯಾರು, ತೊಂದರೆ ಕೊಡುತ್ತಿದ್ದಾಳಾ?
"ಇನ್ನೂ ಇಲ್ಲ" ಎಂದು ಇವಳು ಕೂಗಿದಳು.
ಪೆನ್ಸಿಲ್ಲು ಕೈಯಲ್ಲಿತ್ತು. ಎಲ್ಲಿ ಇಡಲಿ ಇದನ್ನು?

"ಈಗ ನಿನ್ನ ಸರದಿ" ಅಂದಳು. "ಮನೆಯೆಲ್ಲಿ?"
ಆರು ಬೀದಿ ಆಚೆ, ಎರಡನೆಯ ಮಹಡಿ.
"ಮೇಲಿನ ಮನೆಯವರ ಹೆಸರು?"

ನಡಿಗೆ ಗೊತ್ತು, ಎಡಗಾಲು ಎಳೆಯುತ್ತದೆ.
ರಾತ್ರಿ ಹನ್ನೊಂದಕ್ಕೆ ಕುರ್ಚಿ ಜರುಗಿಸುವುದು ಗೊತ್ತು.
ಕೆಮ್ಮು. ಭಾನುವಾರ ಈರುಳ್ಳಿ ಹುರಿಯುವ ವಾಸನೆ.
"ಹೇಳಲಾಗದು ಅಂತ ಬರಕೋ" ಅಂದಳು ಯೂಲಾ,
ನಗಲಿಲ್ಲ. ಮತ್ತೆ ಮಂಡಿಯೂರಿದಳು.
ಬೆನ್ನು ತಿರುಗಿಸಿದ ಮೇಲೆ ನೆನಪಾದವಳಂತೆ:
"ಆ ಮೂರನೆಯ ಕಂಬಕ್ಕೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ.
ಅದನ್ನೂ ಬರಿ. ಜಾಗವಿದ್ದರೆ."
ಜಾಗವಿರಲಿಲ್ಲ. ಅಂಚಿನಲ್ಲಿ, ಅಡ್ಡಡ್ಡ, ಬರೆದೆ.

ಚಳಿಗಾಲದಲ್ಲಿ ನಕ್ಷೆ ಬಂತು.
ಕಾಲ್ವರ್ನ್ ಬೀದಿ ಒಣಗಿದ ರಕ್ತದ ಬಣ್ಣ.
ಪ್ರೊಫೆಸರ್ ಒಳ್ಳೆಯವರು, ಸುಳ್ಳಲ್ಲ ಅವರ ಲೆಕ್ಕ,
ಆ ಮೂಲೆಯಲ್ಲಿ ಸತ್ತವರನ್ನು ನಾನೂ ಬಲ್ಲೆ.
ಅಂಚಿನ ಬರಹ ಮಾತ್ರ ಯಂತ್ರಕ್ಕೆ ಓದಲಾಗಲಿಲ್ಲವಂತೆ.

ಆ ರಾತ್ರಿ ಹನ್ನೊಂದು ಹೊಡೆಯಿತು.
ಮೇಲೆ ಕುರ್ಚಿ ಜರುಗಲಿಲ್ಲ.
ಹನ್ನೊಂದೂಕಾಲು. ಕೆಮ್ಮೂ ಇಲ್ಲ.
ಕಾಲುಚೀಲದಲ್ಲೇ ಮೆಟ್ಟಿಲು ಹತ್ತಿದೆ, ಕೈಯಲ್ಲಿ ರಟ್ಟು,
ಕಾರಣವಿಲ್ಲದೆ ಬಾಗಿಲು ತಟ್ಟಿ ನನಗೆ ಅಭ್ಯಾಸವಿಲ್ಲ.

"ಯಾರು?"
ಕೆಳಗಿನ ಮನೆ, ಅಂದೆ.
ಹೆಸರು ಹೇಳಲು ಮರೆತೆ.